ದ್ಯುಬ್ವಾ ಎಂಬ ಹೆಸರಿನವರು



ಇವತ್ತಿನ ಮಾತು ಒಂದು ಹೆಸರಿನ ಬಗ್ಗೆ. ಹೆಸರು ದ್ಯುಬ್ವಾ. ಇದು ಫ್ರಾನ್ಸ್ ದೇಶದ ಒಂದು ಅಡ್ಡಹೆಸರು. ಮೈಸೂರು ಸೀಮೆಯ ಚರಿತ್ರೆ ಓದಿದವರಿಗೆ ಇದು ಹೊಸದಲ್ಲ. ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಪಾದ್ರಿ ಅಬ್ಬೆ ದ್ಯುಬ್ವಾ. ಅಮೆರಿಕದ ಕಪ್ಪು ಜನರ ಹೋರಾಟದ ಕಥೆ ಕೇಳಿದವರಿಗೂ ಇದು ಗೊತ್ತು. ಅಲ್ಲಿ ಅದರ ಉಚ್ಚಾರ ಡು ಬಾಯ್ಸ್. ಡಬ್ಲ್ಯು. ಇ. ಬಿ. ಡು ಬಾಯ್ಸ್. ಇನ್ನು ಶಾಲೆಯಲ್ಲಿ ಆದಿಮಾನವನ ಪಾಠ ಓದಿರುತ್ತೀರಿ. ಅದರಲ್ಲಿ ಜಾವಾ ಮಾನವ ಎಂಬ ಮಾತು ಬಂದಿರುತ್ತದೆ. ಆ ಜಾವಾ ಮಾನವನ ತಲೆಬುರುಡೆಯನ್ನು ಅಗೆದು ತೆಗೆಸಿದವರೂ ಒಬ್ಬ ದ್ಯುಬ್ವಾ.

ಈ ಮೂವರೂ ಒಂದು ಮನೆತನದವರಲ್ಲ. ಒಂದು ದೇಶದವರೂ ಅಲ್ಲ. ಒಬ್ಬರು ಫ್ರಾನ್ಸಿನವರು, ಒಬ್ಬರು ಹಾಲೆಂಡಿನವರು, ಒಬ್ಬರು ಅಮೆರಿಕದವರು. ಆದರೆ ಮೂವರೂ ಮನುಷ್ಯರನ್ನು ಕುರಿತ ಪ್ರಶ್ನೆಗಳಲ್ಲೇ ಬದುಕು ಕಳೆದರು. ಮನುಷ್ಯ ಎಲ್ಲಿಂದ ಬಂದ? ಒಬ್ಬ ಮೇಲು, ಇನ್ನೊಬ್ಬ ಕೀಳು ಎಂಬ ಏಣಿಯನ್ನು ಯಾರು ಕಟ್ಟಿದರು? ಹೆಸರು ಒಂದೇ ಆದದ್ದು ಆಕಸ್ಮಿಕ. ಆ ಆಕಸ್ಮಿಕದ ಜಾಡು ಹಿಡಿದು ಇವತ್ತು ನಾವು ಐನೂರು ವರ್ಷ ನಡೆಯೋಣ.

ಮೊದಲು, ಹೆಸರು ಹುಟ್ಟಿದ ಬಗೆ.

ಸುಮಾರು ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಹಳ್ಳಿಗಳಲ್ಲಿ ಒಬ್ಬರಿಗೆ ಒಂದೇ ಹೆಸರು. ಜ್ಞಾನಸ್ನಾನದ ದಿನ ಪಾದ್ರಿ ಇಟ್ಟ ಹೆಸರು. ಪಿಯೆರ್, ಜಾಕ್, ಫ್ರಾನ್ಸ್ವಾ, ಹೀಗೆ. ಇರುವ ಹೆಸರುಗಳೇ ಕೆಲವು. ಊರು ಬೆಳೆದ ಹಾಗೆ ಒಂದೇ ಹಳ್ಳಿಯಲ್ಲಿ ಐದಾರು ಜನ ಪಿಯೆರ್ ಆದರು. ಆಗ ನೆರೆಹೊರೆಯವರು ಗುರುತು ಹಚ್ಚಿದರು. ಕಮ್ಮಾರ ಪಿಯೆರ್. ಕುಳ್ಳ ಪಿಯೆರ್. ಕಾಡಂಚಿನ ಪಿಯೆರ್. ಈ ಕಾಡಂಚಿನವನೇ ದ್ಯುಬ್ವಾ. ಧಾರವಾಡ, ಬೆಳಗಾವಿ ಕಡೆ ಊರಿನಿಂದ, ಮನೆಯಿಂದ, ಕಸುಬಿನಿಂದ ಅಡ್ಡಹೆಸರು ಬಂದ ಹಾಗೆಯೇ ಇದೂ ಬಂತು.

ಬಾಯಿಮಾತಿನ ಈ ಗುರುತು ಕಾಗದಕ್ಕೆ ಇಳಿದದ್ದು ನಿಧಾನವಾಗಿ. 1539ರಲ್ಲಿ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸ್ವಾ ಒಂದು ಶಾಸನ ಹೊರಡಿಸಿದ. ಪ್ರತಿ ಊರಿನ ಪಾದ್ರಿಯೂ ಹುಟ್ಟಿದವರ ಜ್ಞಾನಸ್ನಾನವನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದ. ಅಪ್ಪನ ಗುರುತು ಮಗನಿಗೂ ಅಂಟಿಕೊಂಡಿತು. ಮಗ ಕಾಡು ಬಿಟ್ಟು ಪೇಟೆಗೆ ಬಂದರೂ ಅವನು ದ್ಯುಬ್ವಾನೇ. 1794ರಲ್ಲಿ, ಕ್ರಾಂತಿಯ ಕಾಲದಲ್ಲಿ, ಇನ್ನೊಂದು ಕಾನೂನು ಬಂತು. ಹುಟ್ಟಿನ ದಾಖಲೆಯಲ್ಲಿ ಇರುವ ಹೆಸರನ್ನು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ ಎಂದಾಯಿತು.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿ ಇರಲಿ. ಕಾಡು ಇಲ್ಲದ ಊರು ಆ ಕಾಲದ ಫ್ರಾನ್ಸಿನಲ್ಲಿ ಕಡಿಮೆ. ಹಾಗಾಗಿ ನೂರಾರು ಊರುಗಳಲ್ಲಿ, ಒಂದಕ್ಕೊಂದು ನಂಟಿಲ್ಲದ ನೂರಾರು ಮನೆಗಳಿಗೆ, ಇದೇ ಹೆಸರು ಬಂತು. ಇವತ್ತು ಫ್ರಾನ್ಸಿನಲ್ಲಿ ಅತಿ ಹೆಚ್ಚು ಜನ ಹೊತ್ತಿರುವ ಇಪ್ಪತ್ತು ಅಡ್ಡಹೆಸರುಗಳಲ್ಲಿ ದ್ಯುಬ್ವಾ ಒಂದು. ಉತ್ತರ ಫ್ರಾನ್ಸಿನಲ್ಲಿ ಮತ್ತು ಬೆಲ್ಜಿಯಂನಲ್ಲಿ ಇನ್ನೂ ಹೆಚ್ಚು.

ಅಂದರೆ, ಹೆಸರನ್ನು ಕೊಟ್ಟವರು ನೆರೆಹೊರೆಯವರು, ಗಟ್ಟಿ ಮಾಡಿದ್ದು ಸರ್ಕಾರ. ಇನ್ನು ಅದನ್ನು ಹೊತ್ತವರ ಕಡೆ ಬರೋಣ.

ಉತ್ತರ ಫ್ರಾನ್ಸಿನಲ್ಲಿ ಅಮಿಯಾಂ ಎಂಬ ಊರು. 1478ರಲ್ಲಿ ಆ ಸೀಮೆಯಲ್ಲಿ ಜಾಕ್ ದ್ಯುಬ್ವಾ ಹುಟ್ಟಿದರು. ಪ್ಯಾರಿಸಿನಲ್ಲಿ ವೈದ್ಯರಾದರು, ದೊಡ್ಡ ಮೇಷ್ಟ್ರಾದರು. ಆ ಕಾಲದ ಪಂಡಿತರಿಗೆ ತಮ್ಮ ಹೆಸರನ್ನು ಲ್ಯಾಟಿನ್ ಮಾಡಿಕೊಳ್ಳುವ ರೂಢಿ. ಲ್ಯಾಟಿನ್ನಿನಲ್ಲಿ ಸಿಲ್ವ ಎಂದರೆ ಕಾಡು. ಹಾಗೆ ಜಾಕ್ ದ್ಯುಬ್ವಾ ಸಿಲ್ವಿಯಸ್ ಆದರು. ಮನುಷ್ಯನ ಮೈಯ ಸ್ನಾಯುಗಳಿಗೆ ಒಂದೊಂದಾಗಿ ಹೆಸರಿಟ್ಟವರಲ್ಲಿ ಇವರು ಮುಖ್ಯರು. ಇವರಿಗೆ ಮುಂಚೆ ಅವನ್ನು ಒಂದು, ಎರಡು, ಮೂರು ಎಂದು ಎಣಿಸಿ ಹೇಳುತ್ತಿದ್ದರು.

ಇವರ ಶಿಷ್ಯರಲ್ಲಿ ಒಬ್ಬ ವೆಸಾಲಿಯಸ್. ಮುಂದೆ ಶರೀರ ರಚನಾಶಾಸ್ತ್ರಕ್ಕೆ ಹೊಸ ದಾರಿ ತೆರೆದವನು ಇವನೇ. 1543ರಲ್ಲಿ ವೆಸಾಲಿಯಸ್ ತನ್ನ ದೊಡ್ಡ ಗ್ರಂಥ ಅಚ್ಚು ಹಾಕಿಸಿದ. ಸಾವಿರದ ಮುನ್ನೂರು ವರ್ಷದಿಂದ ವೈದ್ಯರು ವೇದದಂತೆ ನಂಬಿದ್ದ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್ನನ ಮಾತುಗಳಲ್ಲಿ ತಪ್ಪಿವೆ ಎಂದು ತೋರಿಸಿದ. ಗುರುವಿಗೆ ಸಿಟ್ಟು ನೆತ್ತಿಗೇರಿತು. ಗ್ಯಾಲನ್ ತಪ್ಪುವವನಲ್ಲ ಎಂದರು. ಹೆಣ ಕೊಯ್ದು ನೋಡಿದರೆ ಬೇರೆ ಕಾಣುತ್ತದಲ್ಲ ಎಂದು ಕೇಳಿದರೆ, ಗ್ಯಾಲನ್ ಕಾಲದಿಂದ ಇಲ್ಲಿಗೆ ಮನುಷ್ಯನ ದೇಹವೇ ಬದಲಾಗಿದೆ ಎಂದರು. ಶಿಷ್ಯನ ಹೆಸರನ್ನು ತಿರುಚಿ, ಹುಚ್ಚ ಎಂಬ ಅರ್ಥ ಬರುವ ಹಾಗೆ ಬರೆದರು. ಇದನ್ನು ಓದುವಾಗ ನನಗೆ ಬೇಸರವಾಗುತ್ತದೆ. ಕಣ್ಣಿನಿಂದ ನೋಡಿ ಎಂದು ಪಾಠ ಹೇಳಿದ ಗುರು, ಶಿಷ್ಯ ನಿಜವಾಗಿ ನೋಡಿದಾಗ ಸಹಿಸಲಿಲ್ಲ.

ಸಿಲ್ವಿಯಸ್ ಎಂಬ ಹೆಸರು ಇವತ್ತೂ ವೈದ್ಯರ ಬಾಯಲ್ಲಿದೆ. ನಮ್ಮ ಮಿದುಳಿನ ಪಕ್ಕದಲ್ಲಿ ಒಂದು ಆಳವಾದ ಗೀರು ಇದೆ. ಅದಕ್ಕೆ ಸಿಲ್ವಿಯನ್ ಸೀಳು ಎನ್ನುತ್ತಾರೆ. ಆದರೆ ಅದು ಈ ಜಾಕ್ ಅವರ ಹೆಸರಲ್ಲ. ನೂರು ವರ್ಷದ ನಂತರ ಹಾಲೆಂಡಿನ ಲೈಡನ್ ನಗರದಲ್ಲಿ ಇನ್ನೊಬ್ಬ ವೈದ್ಯರಿದ್ದರು. ಫ್ರಾಂಜ್ ದೆ ಲ ಬೋ. ಇದು ದ್ಯುಬ್ವಾ ಹೆಸರಿನದೇ ಉತ್ತರದ ಆಡುಮಾತಿನ ರೂಪ. ಅವರೂ ಲ್ಯಾಟಿನ್ನಿನಲ್ಲಿ ಸಿಲ್ವಿಯಸ್ ಆದರು. ಆ ಗೀರಿಗೆ ಹೆಸರು ಕೊಟ್ಟವರು ಅವರು. ಹೀಗೆ ಕಾಡಂಚಿನ ಯಾವುದೋ ರೈತನ ಗುರುತು ವೈದ್ಯಶಾಸ್ತ್ರದ ಮೂಲಕ ನಮ್ಮೆಲ್ಲರ ತಲೆಯೊಳಗೆ ಬಂದು ಕೂತಿದೆ.

ವೈದ್ಯರಾದ ದ್ಯುಬ್ವಾಗಳು ಇನ್ನೂ ಇದ್ದಾರೆ. 1811ರಲ್ಲಿ ನೆಪೋಲಿಯನ್ನನ ರಾಣಿಗೆ ಕಷ್ಟದ ಹೆರಿಗೆಯಾಯಿತು. ಅದನ್ನು ಮಾಡಿಸಿದವರು ಆಂತ್ವಾನ್ ದ್ಯುಬ್ವಾ. 1880ರ ದಶಕದಲ್ಲಿ ರಫಾಯೆಲ್ ದ್ಯುಬ್ವಾ ಬೆಳಕು ಬೀರುವ ಹುಳುವನ್ನೂ ಸಮುದ್ರದ ಚಿಪ್ಪುಜೀವಿಯನ್ನೂ ಅರೆದು ಪರೀಕ್ಷೆ ಮಾಡಿದರು. ಎರಡು ವಸ್ತುಗಳು ಕೂಡಿದಾಗ ಈ ತಣ್ಣನೆಯ ಬೆಳಕು ಹುಟ್ಟುತ್ತದೆ ಎಂದು ತೋರಿಸಿದರು. ಅವರು ಇಟ್ಟ ಹೆಸರುಗಳೇ ಲೂಸಿಫೆರಿನ್, ಲೂಸಿಫೆರೇಸ್. ಇವರ ಬಗ್ಗೆ ಇನ್ನೊಂದು ದಿನ ಮಾತಾಡಬಹುದು. ಇವತ್ತಿನ ದಾರಿ ಬೇರೆ.

ಇಲ್ಲಿಯವರೆಗೆ ವೈದ್ಯರನ್ನು ನೋಡಿದೆವು, ಮನುಷ್ಯನ ಮೈಯನ್ನು ತೆರೆದು ನೋಡಿದವರನ್ನು. ಅದೇ ಅಮಿಯಾಂ ಊರಿನಲ್ಲಿ ಹುಟ್ಟಿದ ಇನ್ನೊಬ್ಬರು ಮನುಷ್ಯ ಮನುಷ್ಯನಿಗೆ ಏನು ಮಾಡಬಲ್ಲ ಎಂಬುದನ್ನು ಚಿತ್ರಿಸಿದರು. ಅವರು ಫ್ರಾನ್ಸ್ವಾ ದ್ಯುಬ್ವಾ, ಚಿತ್ರಕಾರ.

ಇವರು ಪ್ರಾಟೆಸ್ಟೆಂಟ್ ಮತದವರು. ಫ್ರಾನ್ಸಿನಲ್ಲಿ ಈ ಮತದವರನ್ನು ಹ್ಯೂಗನಾಟರು ಎನ್ನುತ್ತಿದ್ದರು. ದೊರೆ ಕ್ಯಾಥಲಿಕ್. ಬಹುಪಾಲು ಜನ ಕ್ಯಾಥಲಿಕ್. 1572ರ ಆಗಸ್ಟ್ 24, ಸಂತ ಬಾರ್ತಲೊಮಿಯೋ ಹಬ್ಬದ ದಿನ. ಪ್ಯಾರಿಸಿನಲ್ಲಿ ಹ್ಯೂಗನಾಟರ ಕೊಲೆ ಶುರುವಾಯಿತು. ಆ ನಗರ ಒಂದರಲ್ಲೇ ಸಾವಿರಾರು ಜನ ಸತ್ತರು. ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ಫ್ರಾನ್ಸ್ವಾ ದ್ಯುಬ್ವಾ ಜಿನೀವಾದಲ್ಲಿ ನೆಲೆಸಿದರು. ಅಲ್ಲಿ ಆ ದಿನದ ಚಿತ್ರ ಬರೆದರು.

ಚಿತ್ರವನ್ನು ನಾನು ಮಾತಿನಲ್ಲಿ ಹೇಳುತ್ತೇನೆ. ಮರದ ಹಲಗೆ. ಅಗಲ ಒಂದೂವರೆ ಮೀಟರ್, ಎತ್ತರ ಸುಮಾರು ಒಂದು ಮೀಟರ್. ಪ್ಯಾರಿಸಿನ ಬೀದಿಗಳೆಲ್ಲ ಒಟ್ಟಿಗೆ ಕಾಣುತ್ತವೆ. ನಡುವೆ ಒಂದು ಮನೆ. ಅದರ ಕಿಟಕಿಯಿಂದ ಒಂದು ಹೆಣವನ್ನು ಹೊರಗೆ ಎಸೆಯುತ್ತಿದ್ದಾರೆ. ಅದು ಹ್ಯೂಗನಾಟರ ನಾಯಕ ಕೊಲಿಞಿಯದು. ಕೆಳಗೆ ನದಿ. ನದಿಯಲ್ಲೂ ಹೆಣಗಳು. ಹೆಂಗಸರು, ಕೂಸುಗಳು. ದೂರದಲ್ಲಿ ಅರಮನೆಯ ಬಾಗಿಲು. ಬಾಗಿಲ ಮುಂದೆ ಕಪ್ಪು ಬಟ್ಟೆಯ ಒಬ್ಬ ಹೆಂಗಸು, ಹೆಣಗಳ ರಾಶಿಯ ಮೇಲೆ ಬಗ್ಗಿ ನೋಡುತ್ತಿದ್ದಾಳೆ. ಅವಳೇ ರಾಜಮಾತೆ ಕ್ಯಾಥರೀನ್. ಬೀದಿಯಲ್ಲಿ ಕೊಲ್ಲುವವರ ಮುಖದಲ್ಲಿ ವಿಶೇಷ ಸಿಟ್ಟೇನೂ ಇಲ್ಲ. ದಿನದ ಕೆಲಸ ಮಾಡುವವರಂತೆ ಇದ್ದಾರೆ. ಈ ಚಿತ್ರದ ಭಯ ಇರುವುದು ಅಲ್ಲಿ. ಚಿತ್ರ ಈಗ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದ ಸಂಗ್ರಹಾಲಯದಲ್ಲಿದೆ.

ಈಗ ಕಥೆ ಸಮುದ್ರ ದಾಟುತ್ತದೆ. ಹ್ಯೂಗನಾಟರ ಮೇಲಿನ ಹಿಂಸೆ ಒಂದು ದಿನಕ್ಕೆ ಮುಗಿಯಲಿಲ್ಲ. ನಡುವೆ ಕೆಲವು ಕಾಲ ಶಾಂತಿ ಇತ್ತು. 1685ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ ಅವರಿಗಿದ್ದ ರಕ್ಷಣೆಯನ್ನು ಪೂರ್ತಿ ತೆಗೆದುಹಾಕಿದ. ಒಂದೂವರೆ ಎರಡು ಲಕ್ಷ ಜನ ದೇಶ ಬಿಟ್ಟರು.

ಆದರೆ ಅದಕ್ಕೂ ಮೊದಲೇ ಹೊರಟವರು ಒಬ್ಬರಿದ್ದರು. ಲೂಯಿ ದ್ಯುಬ್ವಾ. ಲೀಲ್ ನಗರದ ಹತ್ತಿರದ ವಿಕ್ರ್ ಎಂಬ ಹಳ್ಳಿಯವರು. ಮೊದಲು ಜರ್ಮನಿಯ ಮಾನ್‌ಹೈಮ್‌ಗೆ ಹೋದರು. ಅಲ್ಲಿಂದ 1660ರ ಹೊತ್ತಿಗೆ ಅಮೆರಿಕಕ್ಕೆ. ಇವತ್ತಿನ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ಸೀಮೆಯಲ್ಲಿ, ಜೊತೆಗಾರರೊಡನೆ ಅಲ್ಲಿನ ಮೂಲ ನಿವಾಸಿಗಳಿಂದ ಭೂಮಿ ಪಡೆದರು. 1678ರ ಸುಮಾರಿಗೆ ನ್ಯೂ ಪಾಲ್ಟ್ಸ್ ಎಂಬ ಊರು ಕಟ್ಟಿದರು. ಅವರ ಪೀಳಿಗೆಯವರು ಕಟ್ಟಿಸಿದ ಕಲ್ಲಿನ ಮನೆಗಳು ಇನ್ನೂ ನಿಂತಿವೆ. ಧರ್ಮಕ್ಕಾಗಿ ಎಲ್ಲವನ್ನೂ ಬಿಟ್ಟು ಬಂದವರ ಊರು ಎಂದು ಜನ ನೋಡಲು ಹೋಗುತ್ತಾರೆ.

ಕೇಳುಗರೇ, ಕಥೆ ಇಲ್ಲಿಗೆ ನಿಂತರೆ ಚೆನ್ನಾಗಿ ಕಾಣುತ್ತದೆ. ಆದರೆ ನಿಲ್ಲುವುದಿಲ್ಲ. ಅದೇ ಊರಿನ ದಾಖಲೆಗಳಲ್ಲಿ ಇನ್ನೊಂದು ವಿಷಯ ಇದೆ. ಈ ಹ್ಯೂಗನಾಟರು ಆಫ್ರಿಕದಿಂದ ತಂದ ಗುಲಾಮರನ್ನು ಕೊಂಡರು. ಲೂಯಿ ದ್ಯುಬ್ವಾ ಅವರೇ ಕೊಂಡರು. ತಮ್ಮ ಹೊಲಗಳಲ್ಲಿ ದುಡಿಸಿದರು. ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಕೊಂಡುಕೊಂಡ. ಇದನ್ನು ಮುಚ್ಚಿಟ್ಟು ಈ ಹೆಸರಿನ ಕಥೆ ಹೇಳಬಾರದು ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಈ ಹೆಸರಿನ ಅತಿ ದೊಡ್ಡ ಮನುಷ್ಯ ಹುಟ್ಟಿದ್ದು ಇಂಥದೇ ಗುಲಾಮಗಿರಿಯ ಹಿನ್ನೆಲೆಯಲ್ಲಿ. ಅವರ ಬಳಿಗೆ ಬರುತ್ತೇನೆ. ಅದಕ್ಕೆ ಮುಂಚೆ ನಮ್ಮ ನೆಲಕ್ಕೆ ಬಂದವರನ್ನು ನೋಡೋಣ.

ನೆನಪು ಮಾಡಿಕೊಳ್ಳಿ. ಅಮಿಯಾಂನ ವೈದ್ಯ, ಅಮಿಯಾಂನ ಚಿತ್ರಕಾರ, ಲೀಲ್ ಹತ್ತಿರದ ವಲಸಿಗ. ಇವರೆಲ್ಲ ಉತ್ತರದವರು. ನಮ್ಮ ಅಬ್ಬೆ ದ್ಯುಬ್ವಾ ದಕ್ಷಿಣದವರು. ಆರ್ದೆಶ್ ಸೀಮೆಯ ಸಾಂ ರೆಮೇಜ್ ಎಂಬ ಹಳ್ಳಿಯಲ್ಲಿ 1766ರ ಜನವರಿಯಲ್ಲಿ ಅವರ ಜ್ಞಾನಸ್ನಾನವಾಯಿತು. ಪೂರ್ತಿ ಹೆಸರು ಜಾಂ ಆಂತ್ವಾನ್ ದ್ಯುಬ್ವಾ. ಅಬ್ಬೆ ಎಂಬುದು ಪಾದ್ರಿಗಳಿಗೆ ಕೊಡುವ ಗೌರವದ ಮಾತು. 1792ರಲ್ಲಿ, ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದಾಗ, ಹಡಗು ಹತ್ತಿದರು. ಮೊದಲು ಪಾಂಡಿಚೇರಿ. ಆಮೇಲೆ ತಮಿಳು ಸೀಮೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವುದು ಅವರ ಕೆಲಸವಾಗಿತ್ತು.

ಅವರು ಯುರೋಪಿನವರ ಸಹವಾಸ ಬಿಟ್ಟರು. ಇಲ್ಲಿನವರ ಹಾಗೆ ಬಟ್ಟೆ ಉಟ್ಟರು, ಇಲ್ಲಿನವರ ಹಾಗೆ ಊಟ ಮಾಡಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಹಾಕಿದರು. ಬೇಸಾಯಕ್ಕೆ ಭೂಮಿ ಸಿಕ್ಕಿದರೆ ಮಾತ್ರ ಜನ ಒಂದು ಕಡೆ ನಿಲ್ಲುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಅವರು ಮಾಡಿದ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಪುಸ್ತಕವಲ್ಲ, ಸಿಡುಬಿನ ದಾಕು. ಸಿಡುಬು ಬಂದರೆ ಊರಿಗೆ ಊರೇ ಖಾಲಿಯಾಗುತ್ತಿದ್ದ ಕಾಲ ಅದು. ಇಂಗ್ಲೆಂಡಿನ ಜೆನ್ನರ್ ಗೋಸಿಡುಬಿನ ರಸದಿಂದ ದಾಕು ಹಾಕುವುದನ್ನು 1796ರಲ್ಲಿ ಮಾಡಿ ತೋರಿಸಿದ್ದರು. 1802ರಲ್ಲಿ ಅದು ಮುಂಬಯಿಗೆ ಬಂತು. ಆಗ ಮಂಜಿನ ಪೆಟ್ಟಿಗೆ ಇಲ್ಲ. ದಾಕು ಹಾಕಿದ ಮಗುವಿನ ತೋಳಿನ ಗುಳ್ಳೆಯಿಂದ ಎಂಟನೆಯ ದಿನದ ಹೊತ್ತಿಗೆ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ತೋಳಿನಿಂದ ತೋಳಿಗೆ. ನಡುವೆ ಸರಪಳಿ ಕಡಿದರೆ ಮುಗಿಯಿತು. ಈಗ ಯೋಚಿಸಿ. ಒಂದು ಜಾತಿಯ ಮಗುವಿನ ತೋಳಿನ ರಸವನ್ನು ಇನ್ನೊಂದು ಜಾತಿಯ ಮಗುವಿಗೆ ಹಾಕಿಸಿಕೊಳ್ಳಿ ಎಂದು ತಾಯಂದಿರನ್ನು ಒಪ್ಪಿಸುವುದು ಎಷ್ಟು ಕಷ್ಟ! ಆದರೂ 1803, 1804ರ ಹೊತ್ತಿನಲ್ಲಿ ಅಬ್ಬೆ ಮತ್ತು ಅವರ ಜೊತೆಯವರು ಮೈಸೂರು ಸೀಮೆಯಲ್ಲಿ ಸುಮಾರು 25 ಸಾವಿರ ಜನಕ್ಕೆ ದಾಕು ಹಾಕಿದರು ಎಂದು ಲೆಕ್ಕ ಉಳಿದಿದೆ.

ಇನ್ನು ಅವರ ಪುಸ್ತಕ. ಹಿಂದೂಗಳ ನಡೆನುಡಿ, ಆಚಾರ, ವಿಧಿಗಳ ಬಗ್ಗೆ ಫ್ರೆಂಚ್ ಭಾಷೆಯಲ್ಲಿ ಬರೆದ ದೊಡ್ಡ ಹಸ್ತಪ್ರತಿ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಮದರಾಸಿಗೆ ಕಳಿಸಿದರು. ಗವರ್ನರ್ ಬೆಂಟಿಂಕ್ 2 ಸಾವಿರ ವರಹ ಕೊಟ್ಟು ಈಸ್ಟ್ ಇಂಡಿಯಾ ಕಂಪನಿಗಾಗಿ ಕೊಂಡರು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮುಂದೆ ನೂರು ವರ್ಷ ಕಂಪನಿಯ, ಸರ್ಕಾರದ ಅಧಿಕಾರಿಗಳು ನಮ್ಮನ್ನು ನೋಡಿದ್ದು ಈ ಪುಸ್ತಕದ ಕಿಟಕಿಯಿಂದ.

ಇಲ್ಲಿ ಎರಡು ಮಾತು ನೇರವಾಗಿ ಹೇಳಬೇಕು. ಒಂದು, ಪುಸ್ತಕವೆಲ್ಲ ಅವರು ಕಂಡು ಬರೆದದ್ದಲ್ಲ. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಒಂದು ಸಂಶೋಧನೆ ಪ್ರಕಟಿಸಿದರು. ಅಬ್ಬೆಗಿಂತ ಮುಂಚೆ ಇದ್ದ ಜೆಸ್ಯೂಟ್ ಪಾದ್ರಿ ಕೂರ್ದೂ ಅವರ ಬರಹದಿಂದ ಬಹಳಷ್ಟು ಭಾಗ ಇಲ್ಲಿಗೆ ಬಂದಿದೆ ಎಂದು ತೋರಿಸಿದರು. ಕೂರ್ದೂ ಅವರ ಹೆಸರು ಪುಸ್ತಕದಲ್ಲಿ ಇರಬೇಕಿತ್ತು, ಇರಲಿಲ್ಲ. ಎರಡನೆಯದು ಇನ್ನೂ ಮುಖ್ಯ. ಅಬ್ಬೆ ಜಾತಿ ವ್ಯವಸ್ಥೆಯನ್ನು ಹೊಗಳಿದರು. ಈ ದೇಶ ಕೆಟ್ಟುಹೋಗದೆ ಉಳಿದಿರುವುದು ಜಾತಿಯ ಕಟ್ಟಿನಿಂದ ಎಂದು ನಂಬಿದರು. ಕೆಳಗಿನವರು ಪಡುವ ಕಷ್ಟವನ್ನು ಅದೇ ಪುಸ್ತಕದಲ್ಲಿ ಬರೆದೂ ಹಾಗೆ ನಂಬಿದರು. ದಾಕು ಹಾಕುವಾಗ ಜಾತಿಯ ಗೋಡೆ ದಾಟಿದ ಕೈ, ಬರೆಯುವಾಗ ಆ ಗೋಡೆಗೆ ಗಾರೆ ಮೆತ್ತಿತು. ಎರಡೂ ಒಬ್ಬರೇ ಮನುಷ್ಯರು ಮಾಡಿದ್ದು. ಎರಡನ್ನೂ ನಾವು ನೆನಪಿಡಬೇಕು.

1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಹಿಂದೂಗಳನ್ನು ಮತಾಂತರ ಮಾಡುವುದು ಸಾಧ್ಯವಿಲ್ಲ ಎಂದು ಪತ್ರಗಳ ಪುಸ್ತಕದಲ್ಲಿ ಬರೆದರು. ಒಬ್ಬ ಮಿಷನರಿ ಹಾಗೆ ಬರೆದದ್ದು ಆಗ ದೊಡ್ಡ ಚರ್ಚೆಯಾಯಿತು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಇಟ್ಟುಕೊಂಡು ಮಾಡಿದ ಅನುವಾದ ಅದು. ಫ್ರಾನ್ಸಿನ ಓದುಗರ ಕೈಗೆ ಕನ್ನಡದ ಕಥೆ ಹೀಗೂ ಒಮ್ಮೆ ತಲುಪಿತು. 1848ರಲ್ಲಿ ಅವರು ತೀರಿಕೊಂಡರು.

ಅಬ್ಬೆ ಬದುಕಿರುವ ಮನುಷ್ಯರ ನಡೆನುಡಿ ನೋಡಿದರು. ಈಗ ಹೇಳುವವರು ಸತ್ತು ಕಲ್ಲಾದವರನ್ನು ಹುಡುಕಿದರು. ಯೂಜೀನ್ ದ್ಯುಬ್ವಾ. 1858ರಲ್ಲಿ ಹಾಲೆಂಡಿನ ದಕ್ಷಿಣದ ಐಸ್ಡನ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಔಷಧಿ ಅಂಗಡಿಯವರು. ಮಗ ಆಮ್‌ಸ್ಟರ್‌ಡಾಮಿನಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದರು. ವಾನರನಿಗೂ ಮನುಷ್ಯನಿಗೂ ನಡುವಿನ ಜೀವಿಯ ಎಲುಬು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಅವರಿಗೆ. ನೌಕರಿ ಬಿಟ್ಟರು. 1887ರಲ್ಲಿ ಡಚ್ಚರ ಸೇನೆಯ ವೈದ್ಯರಾಗಿ, ಹೆಂಡತಿ ಮತ್ತು ಕೂಸಿನೊಡನೆ, ಸುಮಾತ್ರಾಕ್ಕೆ ಹೋದರು. ಅಲ್ಲಿ ಸಿಗಲಿಲ್ಲ. ಜಾವಾಕ್ಕೆ ಬಂದರು. ಸೋಲೋ ನದಿಯ ದಂಡೆಯ ಟ್ರಿನಿಲ್‌ನಲ್ಲಿ 1891ರಲ್ಲಿ ಒಂದು ಹಲ್ಲು, ಆಮೇಲೆ ತಲೆಬುರುಡೆಯ ಮೇಲ್ಭಾಗ, ಮರುವರ್ಷ ತೊಡೆಯ ಮೂಳೆ ಸಿಕ್ಕಿತು. ನೆಟ್ಟಗೆ ನಡೆಯುತ್ತಿದ್ದ ವಾನರಮಾನವ ಎಂದು ಅವರು 1894ರಲ್ಲಿ ಲೋಕಕ್ಕೆ ಸಾರಿದರು.

ಅಗೆದವರು ಯಾರು? ಸರ್ಕಾರ ಕೊಟ್ಟ ಕೈದಿಗಳು. ಜಾವಾದ ಬಿಸಿಲಲ್ಲಿ, ಬಿಟ್ಟಿ ದುಡಿಮೆಯಲ್ಲಿ, ನದಿಯ ದಂಡೆ ಕಡಿದವರು ಅವರು. ಅವರಲ್ಲಿ ಒಬ್ಬರ ಹೆಸರೂ ಪಾಠಪುಸ್ತಕದಲ್ಲಿ ಇಲ್ಲ. ದ್ಯುಬ್ವಾ ಹೆಸರು ಮಾತ್ರ ಉಳಿಯಿತು. ಯುರೋಪಿನ ಪಂಡಿತರು ದ್ಯುಬ್ವಾ ಮಾತನ್ನು ಅನುಮಾನಿಸಿದರು. ಅವರು ನೊಂದು, ಎಲುಬುಗಳನ್ನು ವರ್ಷಗಟ್ಟಲೆ ಯಾರಿಗೂ ತೋರಿಸದೆ ಇಟ್ಟುಕೊಂಡರು. 1923ರಲ್ಲಿ ಮತ್ತೆ ತೆರೆದರು. ಇವತ್ತು ವಿಜ್ಞಾನಿಗಳು ಆ ಜೀವಿಯನ್ನು ಹೋಮೋ ಎರೆಕ್ಟಸ್ ಎನ್ನುತ್ತಾರೆ. ಹಲವು ಲಕ್ಷ ವರ್ಷ ಹಳೆಯದು. ಎಲುಬುಗಳು ಲೈಡನ್ ನಗರದ ಸಂಗ್ರಹಾಲಯ ಸೇರಿದ್ದವು. 2025ರಲ್ಲಿ ಹಾಲೆಂಡಿನ ಸರ್ಕಾರ, ದ್ಯುಬ್ವಾ ಸಂಗ್ರಹದ ಸುಮಾರು 28 ಸಾವಿರ ಪಳೆಯುಳಿಕೆಗಳನ್ನು ಇಂಡೊನೇಷ್ಯಾಕ್ಕೆ ಹಿಂದಿರುಗಿಸಲು ಒಪ್ಪಿತು. ತಡವಾಯಿತು, ಆದರೆ ಸರಿಯಾಯಿತು.

ಪಾದ್ರಿ ದ್ಯುಬ್ವಾ ಜಾತಿಯನ್ನು ಬರೆದಿಟ್ಟರು. ಎಲುಬಿನ ದ್ಯುಬ್ವಾ ನಮ್ಮೆಲ್ಲರ ಹಳೆಯ ಬಂಧುವನ್ನು ತೋರಿಸಿದರು. ಈಗ ಮೂರನೆಯವರು. ಏಣಿಯ ಕೆಳಗಿನ ಮೆಟ್ಟಿಲಿನಿಂದ ಮಾತಾಡಿದವರು. ವಿಲಿಯಂ ಎಡ್ವರ್ಡ್ ಬರ್ಗಾರ್ಟ್ ಡು ಬಾಯ್ಸ್. ಹುಟ್ಟಿದ್ದು 1868ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ.

ಅವರಿಗೆ ಈ ಹೆಸರು ಬಂದದ್ದು ಹೇಗೆ? ಅವರೇ ತಮ್ಮ ಆತ್ಮಕಥೆಯಲ್ಲಿ ವಂಶದ ಕಥೆ ಬರೆದಿದ್ದಾರೆ. ನ್ಯೂ ಪಾಲ್ಟ್ಸ್ ಕಟ್ಟಿದ ಲೂಯಿಗೆ ಜಾಕ್ ಎಂಬ ಸಹೋದರ. ಆ ಜಾಕ್ ಪೀಳಿಗೆಯಲ್ಲಿ ಜೇಮ್ಸ್ ಎಂಬ ಬಿಳಿಯ. ಬಹಾಮಾಸ್ ದ್ವೀಪಗಳಲ್ಲಿ ತೋಟದ ಒಡೆಯ. ಅವನಿಗೆ ಕಪ್ಪು ಹೆಂಗಸಿನಲ್ಲಿ ಮಕ್ಕಳು ಹುಟ್ಟಿದರು. ಅವರಲ್ಲಿ ಒಬ್ಬ ಅಲೆಕ್ಸಾಂಡರ್. ತಂದೆ ಅವನನ್ನು ಅಮೆರಿಕಕ್ಕೆ ತಂದು ಒಳ್ಳೆಯ ಶಾಲೆಗೆ ಸೇರಿಸಿದ. ತಂದೆ ಸತ್ತ. ಬಿಳಿಯ ಬಂಧುಗಳು ಹುಡುಗನನ್ನು ಶಾಲೆ ಬಿಡಿಸಿದರು. ಚಮ್ಮಾರನ ಹತ್ತಿರ ಕೆಲಸಕ್ಕೆ ಹಚ್ಚಿದರು. ಹೆಸರು ಕೊಟ್ಟ ಮನೆತನವೇ ಅವನನ್ನು ಹೊರಗೆ ಹಾಕಿತು. ಆ ಅಲೆಕ್ಸಾಂಡರನ ಮೊಮ್ಮಗ ಈ ಡು ಬಾಯ್ಸ್.

ಮೊಮ್ಮಗ ಹೆಸರನ್ನು ಬಿಡಲಿಲ್ಲ. ಆದರೆ ಫ್ರೆಂಚರ ಹಾಗೆ ಕರೆಯಲೂ ಬಿಡಲಿಲ್ಲ. ಡು ಬಾಯ್ಸ್ ಎಂದೇ ಹೇಳಿ ಎಂದು ಜನರನ್ನು ತಿದ್ದುತ್ತಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ 1895ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ಮನುಷ್ಯ ಅವರು. ಫಿಲಡೆಲ್ಫಿಯಾದ ಕಪ್ಪು ಜನರ ಕೇರಿಯಲ್ಲಿ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಬಾಡಿಗೆ ಎಷ್ಟು, ಕೂಲಿ ಎಷ್ಟು, ಮಕ್ಕಳು ಶಾಲೆಗೆ ಹೋಗುತ್ತಾರೆಯೇ? 1899ರಲ್ಲಿ ಅದು ಪುಸ್ತಕವಾಯಿತು. ಕಪ್ಪು ಜನರ ಬಡತನಕ್ಕೆ ಕಾರಣ ರಕ್ತ ಅಲ್ಲ, ಅವರ ಮುಂದೆ ಮುಚ್ಚಿದ ಬಾಗಿಲುಗಳು ಎಂದು ಲೆಕ್ಕ ಇಟ್ಟು ತೋರಿಸಿದರು. ಅಬ್ಬೆ ದ್ಯುಬ್ವಾ ಆಚಾರ ನೋಡಿದರು. ಇವರು ಬಾಡಿಗೆ ಚೀಟಿ ನೋಡಿದರು. ಸಮಾಜವನ್ನು ತಿಳಿಯುವ ವಿದ್ಯೆ ಈ ನೂರು ವರ್ಷದಲ್ಲಿ ಎಷ್ಟು ದೂರ ಬಂತು ಎಂಬುದಕ್ಕೆ ಇದು ಸಾಕು.

1900ರಲ್ಲಿ ಪ್ಯಾರಿಸಿನಲ್ಲಿ ದೊಡ್ಡ ವಸ್ತುಪ್ರದರ್ಶನ. ಡು ಬಾಯ್ಸ್ ತಮ್ಮ ವಿದ್ಯಾರ್ಥಿಗಳೊಡನೆ ಕೈಯಿಂದ ಬಣ್ಣ ಹಚ್ಚಿ ಮಾಡಿದ ಸುಮಾರು ಅರವತ್ತು ಲೆಕ್ಕದ ಚಿತ್ರಪಟಗಳನ್ನು ಅಲ್ಲಿಗೆ ಒಯ್ದರು. ಕಪ್ಪು ಜನರ ಭೂಮಿ, ಓದು, ಕಸುಬು, ಎಲ್ಲದರ ಲೆಕ್ಕ. ಜೊತೆಗೆ ನೂರಾರು ಫೋಟೋಗಳು. ಅದಕ್ಕೆ ಚಿನ್ನದ ಪದಕ ಬಂತು. ಈ ಹೆಸರು ಹುಟ್ಟಿದ ದೇಶಕ್ಕೇ ಅದು ಹೀಗೆ ಇನ್ನೊಂದು ಬಣ್ಣದಲ್ಲಿ ಹೋಯಿತು.

ಮುಂದೆ 1909ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಹುಟ್ಟಿದ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಒಬ್ಬರಾದರು. ಅದರ ಮಾಸಪತ್ರಿಕೆ ದಿ ಕ್ರೈಸಿಸ್ ಅನ್ನು ಇಪ್ಪತ್ತನಾಲ್ಕು ವರ್ಷ ನಡೆಸಿದರು. 1929ರಲ್ಲಿ ಗಾಂಧೀಜಿಯವರ ಸಂದೇಶ ಅದರಲ್ಲಿ ಅಚ್ಚಾಯಿತು. 80 ದಾಟಿದ ಮೇಲೆ, 1951ರಲ್ಲಿ, ಸರ್ಕಾರ ಅವರ ಮೇಲೆ ಮೊಕದ್ದಮೆ ಹೂಡಿತು. ಮೊಕದ್ದಮೆ ನಿಲ್ಲಲಿಲ್ಲ. ಆದರೂ ಹಲವು ವರ್ಷ ಅವರಿಗೆ ಪಾಸ್‌ಪೋರ್ಟ್ ಕೊಡಲಿಲ್ಲ. 1961ರಲ್ಲಿ ಘಾನಾ ದೇಶದ ಅಧ್ಯಕ್ಷ ಎನ್‌ಕ್ರೂಮಾ ಅವರ ಕರೆಯ ಮೇರೆಗೆ ಆ ದೇಶಕ್ಕೆ ಹೋದರು. ಅಲ್ಲಿನ ಪೌರರಾದರು. 1963ರ ಆಗಸ್ಟ್ 27ರಂದು, 95ನೆಯ ವಯಸ್ಸಿನಲ್ಲಿ, ಅಕ್ರಾ ನಗರದಲ್ಲಿ ತೀರಿಕೊಂಡರು. ಮರುದಿನವೇ ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಆ ದೊಡ್ಡ ಸಭೆ. ಡು ಬಾಯ್ಸ್ ತೀರಿಕೊಂಡ ಸುದ್ದಿಯನ್ನು ಆ ಸಭೆಗೆ ತಿಳಿಸಲಾಯಿತು.

ಕೇಳುಗರೇ, ಈಗ ಕೊನೆಯ ಮಾತು. ಮೊದಲಿಗೆ ಹೆಸರಿಸಿದ ಮೂವರು ದ್ಯುಬ್ವಾಗಳನ್ನೂ ನೋಡಿದೆವು. ಅವರಲ್ಲಿ ಇಬ್ಬರು ನಮ್ಮ ದೇಶದ ಒಬ್ಬರ ಮೇಜಿನ ಮೇಲೆ ಒಟ್ಟಿಗೆ ಸೇರಿದ್ದರು. ಮೇಜು ಡಾ. ಬಾಬಾಸಾಹೇಬ ಅಂಬೇಡ್ಕರರದು.

1946ರಲ್ಲಿ ಅಂಬೇಡ್ಕರ್ ಅಮೆರಿಕಕ್ಕೆ ಒಂದು ಪತ್ರ ಬರೆದರು, ಡು ಬಾಯ್ಸ್ ಅವರಿಗೆ. ನಿಮ್ಮ ಬರಹಗಳನ್ನು ಓದಿದ್ದೇನೆ, ಅಮೆರಿಕದ ಕಪ್ಪು ಜನರ ಸ್ಥಿತಿಗೂ ಭಾರತದ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂಬುದು ಅದರ ಸಾರ. ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಕೊಟ್ಟಿದ್ದಾರೆಂದು ಕೇಳಿದೆ, ಅದರ ಪ್ರತಿಗಳನ್ನು ಕಳಿಸಿ ಎಂದು ಕೇಳಿದರು. ನಮ್ಮವರೂ ಹಾಗೆ ಮಾಡುವ ಯೋಚನೆಯಲ್ಲಿದ್ದಾರೆ ಎಂದರು. ಡು ಬಾಯ್ಸ್ ಉತ್ತರಿಸಿದರು. ಪ್ರತಿ ಕಳಿಸುವುದಾಗಿ ಹೇಳಿದರು. ನಿಮ್ಮ ಹೆಸರು, ನಿಮ್ಮ ಕೆಲಸ ನನಗೆ ಗೊತ್ತು, ಅಸ್ಪೃಶ್ಯರ ಬಗ್ಗೆ ನನ್ನ ಪೂರ್ಣ ಸಹಾನುಭೂತಿ ಇದೆ ಎಂದು ಬರೆದರು.

ಎರಡು ವರ್ಷದ ನಂತರ, 1948ರಲ್ಲಿ, ಅಸ್ಪೃಶ್ಯರು ಯಾರು ಎಂಬ ಪ್ರಶ್ನೆ ಎತ್ತಿಕೊಂಡು ಅಂಬೇಡ್ಕರ್ ಪುಸ್ತಕ ಬರೆದರು. ಅದರಲ್ಲಿ ಅಬ್ಬೆ ದ್ಯುಬ್ವಾ ಅವರನ್ನು ಸಾಕ್ಷಿಗೆ ಕರೆದರು. ಅಸ್ಪೃಶ್ಯರಾದ ಪರಯರು ಬ್ರಾಹ್ಮಣರ ಬೀದಿಗೆ ಹೋಗುವಂತಿಲ್ಲ, ಬ್ರಾಹ್ಮಣರನ್ನು ಪರಯರೂ ತಮ್ಮ ಕೇರಿಯೊಳಗೆ ಬಿಡುವುದಿಲ್ಲ ಎಂದು ಅಬ್ಬೆ ಬರೆದಿದ್ದ ಮಾತು ಅಲ್ಲಿದೆ. ಅದೇ ಅಧ್ಯಾಯದಲ್ಲಿ ನಮ್ಮ ಹಾಸನ ಜಿಲ್ಲೆಯ ಹೊಲಗೇರಿಗಳ ಬಗ್ಗೆಯೂ ಬ್ರಿಟಿಷ್ ಅಧಿಕಾರಿಯೊಬ್ಬ ಬರೆದ ವಿವರ ಇದೆ. ಜಾತಿಯನ್ನು ಹೊಗಳಿದ ಪಾದ್ರಿಯ ಪುಸ್ತಕದಿಂದಲೇ ಜಾತಿಯ ವಿರುದ್ಧದ ವಾದಕ್ಕೆ ಆಧಾರ ತೆಗೆದರು ಅಂಬೇಡ್ಕರ್. ಬರೆದವನು ಏನನ್ನು ಒಪ್ಪಿದ ಎಂಬುದನ್ನು ಬದಿಗಿಟ್ಟು, ಅವನು ಕಂಡದ್ದನ್ನು ಮಾತ್ರ ಎತ್ತಿಕೊಂಡರು.

ಡು ಬಾಯ್ಸ್ ಅವರ ಕಾಗದಪತ್ರಗಳು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿವೆ. ಆಮ್ಹರ್ಸ್ಟ್ ಊರಿನ ಅಲ್ಲಿನ ಗ್ರಂಥಾಲಯಕ್ಕೆ ಅವರದೇ ಹೆಸರು. ಅಂಬೇಡ್ಕರ್ ಬರೆದ ಪತ್ರ, ಡು ಬಾಯ್ಸ್ ಕೊಟ್ಟ ಉತ್ತರ, ಎರಡೂ ಅಲ್ಲಿವೆ. ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಎರಡೂ ಚಿಕ್ಕ ಪತ್ರಗಳು. ಶಾಲೆಗೆ ಹೋಗುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಜೊತೆಗೆ ಕೂರಿಸಿಕೊಂಡು ಓದಿ.